ನೀರಿನವಳ ಅನುಮಾನ

ಹಾಲಿನ ಗಾಡಿ ಬಂದು ಹೋಗಿದೆ, ಬಸ್ಸುಗಳ ಓಡಾಟ ಇನ್ನೂ ಶುರುವಾಗಿಲ್ಲ. ಬೀದಿಯಲ್ಲಿ ಸದ್ದು ತೀರ ಕಡಿಮೆ ಇರುವ ಈ ನಡುವಿನ ಹೊತ್ತು ಅವಳದು. ತಿರುವಿನಲ್ಲಿರುವ ವಾಲ್ವಿನ ಮುಚ್ಚಳ ಎತ್ತಿ, ಎದೆಯೆತ್ತರದ ಕಬ್ಬಿಣದ ಸಲಾಕೆಯನ್ನು ಒಳಗೆ ಇಳಿಸಿದ್ದಾಳೆ. ಕೆಳತುದಿ ಪೈಪನ್ನು ಮುಟ್ಟಿದೆ. ಮೇಲ್ತುದಿಗೆ ಕೂರಿಸಿದ ಮರದ ತುಂಡಿಗೆ ಬಲಗಿವಿ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಾಳೆ.

ಕೆಳಗಿನ ಮನೆಯ ಮುದುಕರು ಬನಿಯನ್ನಿನಲ್ಲೇ ಗೇಟಿನ ಹತ್ತಿರ ಬಂದರು.

"ಏನಮ್ಮಾ, ರಸ್ತೆಗೆ ಎದೆನೋವಾ?"

"ಸ್ವಲ್ಪ ಸುಮ್ನಿರಿ ತಾತ."

"ಗೋಡೆ ಒದ್ದೆ ಆಗ್ತಿದೆ ಅಂತ ಕಂಪ್ಲೇಂಟ್ ಕೊಟ್ಟಿದ್ದು ನಾನು. ನೀನು ನೋಡಿದ್ರೆ ಅಲ್ಲೆಲ್ಲೋ ಮೇಲ್ಗಡೆ ನಿಂತಿದೀಯ."

"ಒದ್ದೆ ಆಗಿರೋದು ನಿಮ್ಮ ಗೋಡೆ. ಒಡೆದಿರೋದೂ ನಿಮ್ಮ ಪೈಪೇ ಆಗಿರಬೇಕು ಅಂತೇನಿಲ್ಲ."

"ಮತ್ತೆ ಯಾರದ್ದು?"

"ಅದನ್ನೇ ಕೇಳ್ತಾ ಇದೀನಿ." ಅವಳು ಕಣ್ಣು ತೆರೆದು ಅವರ ಹಿತ್ತಲಿನ ಕಡೆ ನೋಡಿದಳು. "ತಾತ, ನೀವು ಮೇನ್ ಪೈಪಿಗೆ ಮೋಟಾರ್ ಹಾಕಿಲ್ಲ ತಾನೇ?"

ತಾತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಮತ್ತೆ ಕಿವಿ ಒತ್ತಿದಳು.

ನೀರು ಸರಬರಾಜು ಇಲಾಖೆಯಲ್ಲಿ ಅವಳು ಗುತ್ತಿಗೆಯ ಮೇಲೆ ಕೆಲಸ ಮಾಡುವ ಇಂಜಿನಿಯರ್. ಮಧ್ಯಾಹ್ನದ ಮೇಲೆ ವಿಶ್ವವಿದ್ಯಾಲಯದ ಗಣಿತ ವಿಭಾಗದ ಸಂಶೋಧಕಿ. ಅಲ್ಲಿ ಅವಳಿಗೊಂದು ಮೇಜು, ಅರ್ಧ ಕಿಟಕಿ, ಮೂವರ ನಡುವೆ ಒಂದು ಪ್ರಿಂಟರ್ ಇದೆ. ಡಾಕ್ಟರೇಟ್ ಮುಗಿದು ನಾಲ್ಕು ವರ್ಷವಾಯಿತು. ಎರಡೂ ಕಡೆ ಅವಳ ಕೆಲಸ ಒಂದೇ, ಸೋರಿಕೆ ಹುಡುಕುವುದು. ಬೆಳಿಗ್ಗೆ ಕಿವಿಯಿಂದ ಹುಡುಕುತ್ತಾಳೆ, ಮಧ್ಯಾಹ್ನ ಲೆಕ್ಕದಿಂದ.

ಅಪ್ಪ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದರು. ಮಕ್ಕಳಿಗೆ ಅವರು ಕಲಿಸಿದ ಆಟ ಒಂದೇ. ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ ಮೀಟರಿನ ಮುಂದೆ ಕೂರುವುದು. ಮುಳ್ಳು ಆಗಲೂ ಅಲುಗಿದರೆ, "ನೋಡಿ, ಮನೇಲಿ ಯಾರೋ ಸುಳ್ಳು ಹೇಳ್ತಿದಾರೆ" ಎನ್ನುವರು. ಅಕ್ಕನಿಗೆ ಆ ಆಟ ಬೇಗ ಬೇಸರ ಬಂತು. ಇವಳಿಗೆ ಬರಲೇ ಇಲ್ಲ. ಮನೆಯವರು ಇವಳಿಗಿಟ್ಟ ಹೆಸರು ಪತ್ತೇದಾರಿ. ಭಾವ ಮೊದಲ ಸಲ ಮನೆಗೆ ಬಂದು ಹೋದ ಮರುದಿನ, ಅವರು ಹೇಳಿದ ಆಫೀಸಿಗೆ ಫೋನ್ ಮಾಡಿ ಇಂಥವರು ಅಲ್ಲಿ ಇದ್ದಾರಾ ಎಂದು ವಿಚಾರಿಸಿದವಳು ಇವಳು. ಇದ್ದರು. ಫೋನ್ ಎತ್ತಿದ್ದೂ ಅವರೇ. ಭಾವ ಇವತ್ತಿಗೂ ಇವಳ ಫೋನ್ ಬಂದರೆ "ಹಾಜರಿದ್ದೀನಿ ಮೇಡಂ" ಎಂದೇ ಮಾತು ಶುರು ಮಾಡುತ್ತಾರೆ.

ಅವಳ ಅನುಮಾನಕ್ಕೆ ಕಾರಣಗಳೂ ಇದ್ದವು. ಇಲಾಖೆಗೆ ಸೇರಿದ ಹೊಸದರಲ್ಲಿ ಅವಳು ಬರೆದುಕೊಟ್ಟ ಒಂದು ನಕ್ಷೆಯನ್ನು ಹಿರಿಯ ಇಂಜಿನಿಯರೊಬ್ಬರು ಮೀಟಿಂಗಿನಲ್ಲಿ ತಮ್ಮದೆಂದೇ ತೋರಿಸಿದರು. ಅವಳು ಅದೇ ಕೋಣೆಯಲ್ಲಿ ಹಿಂದಿನ ಕುರ್ಚಿಯಲ್ಲಿದ್ದಳು. ಚಪ್ಪಾಳೆಯನ್ನೂ ತಟ್ಟಿದಳು. ಅಂದಿನಿಂದ ತನ್ನ ಕೆಲಸವನ್ನು ಯಾರೆದುರಿಗೂ ಬಿಡಿಸಿ ಹೇಳುವುದನ್ನು ಬಿಟ್ಟಳು.

ಹಾಗೆ ಬಚ್ಚಿಟ್ಟು ಬೆಳೆಸಿದ್ದು ಒಂದೇ ಒಂದು ವಿಚಾರ. ಪೈಪು ಒಡೆದರೆ ನೀರಿನ ಒತ್ತಡ ಬೀಳುತ್ತದೆ. ಎಲ್ಲರೂ ಬಿದ್ದ ಜಾಗವನ್ನು ಹುಡುಕುತ್ತಾರೆ. ಆದರೆ ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಒತ್ತಡ ಎಲ್ಲ ಕಡೆಯೂ ದಿನವೂ ಬೀಳುತ್ತದೆ, ದಿನವೂ ಏಳುತ್ತದೆ. ಬೀಳುವುದರಲ್ಲಿ ಗುಟ್ಟಿಲ್ಲ. ಏಳುವಾಗ ಯಾವ ಬೀದಿ ಉಳಿದವುಗಳಿಗಿಂತ ಸ್ವಲ್ಪ ತಡ ಮಾಡುತ್ತದೆಯೋ ಅಲ್ಲಿ ಏನೋ ಕೆಟ್ಟಿದೆ. ಈ ತಡವನ್ನು ಅಳೆಯುವ ಲೆಕ್ಕವೊಂದನ್ನು ಅವಳು ಕಟ್ಟಿದ್ದಳು. ಪೈಪು ಒಡೆಯುವ ಮೊದಲೇ ಯಾವುದು ಒಡೆಯಬಹುದು ಎಂದು ಅದು ಹೇಳುತ್ತಿತ್ತು. ಗುತ್ತಿಗೆ ಮುಗಿಯುವ ದಿನ ತನ್ನದೆಂದು ತೋರಿಸಲು ಅವಳ ಬಳಿ ಇದ್ದದ್ದು ಇದೊಂದೇ.

ಆ ವಿಚಾರವನ್ನು ಹೊತ್ತುಕೊಂಡೇ ಅವಳು ಕಳೆದ ವರ್ಷ ಶಿಬಿರಕ್ಕೆ ಹೋದದ್ದು.

ಶಿಬಿರ ಎಂದರೆ ಕೆಲಸದ ದಾರಿಯಲ್ಲಿ ಈಗಷ್ಟೇ ಹೆಜ್ಜೆ ಇಟ್ಟಿರುವ ವಿಜ್ಞಾನಿಗಳನ್ನು ಒಂದು ವಾರ ಒಂದೇ ಕಟ್ಟಡದಲ್ಲಿ ಕೂಡಿಹಾಕುವ ಏರ್ಪಾಡು. ಇವರ ಶಾಸ್ತ್ರಕ್ಕೆ ಸಂಕೀರ್ಣ ವ್ಯವಸ್ಥೆಗಳ ವಿಜ್ಞಾನ ಎಂಬ ದೊಡ್ಡ ಹೆಸರಿದೆ. ಬಿಡಿಯಾಗಿ ನೋಡಿದರೆ ಅರ್ಥವಾಗದ, ಒಟ್ಟಾಗಿ ನೋಡಿದಾಗ ಮಾತ್ರ ಏನೋ ಹೊಳೆಯುವ ಸಂಗತಿಗಳು ಅದರ ವಸ್ತು. ಇರುವೆಯ ಸಾಲು, ಜ್ವರ ಹರಡುವ ಬಗೆ, ಬಸ್ಸು ತಡವಾದರೆ ಊರೆಲ್ಲ ತಡವಾಗುವುದು. ಒಂದೊಂದು ವಿದ್ಯೆಯಿಂದ ಒಬ್ಬೊಬ್ಬರನ್ನು ಕರೆಸಿ, ಗುಂಪು ಕಟ್ಟಿಸಿ, ವಾರ ಮುಗಿಯುವಷ್ಟರಲ್ಲಿ ಒಂದು ಜಂಟಿ ಲೇಖನದ ಕರಡು ಬರೆಸುವುದು ಉದ್ದೇಶ.

ನಡೆಸುವವರು ಒಬ್ಬ ಹಿರಿಯ ಭೌತವಿಜ್ಞಾನಿ. ನರೆತ ಕೂದಲು, ಸದಾ ಕಾಲಲ್ಲಿ ಕ್ಯಾನ್ವಾಸ್ ಶೂ. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ, ಎದುರಿಗೂ. ಮೊದಲ ದಿನವೇ ದೊಡ್ಡಮ್ಮ ಎಲ್ಲರ ಕೊರಳಿಗೆ ಬ್ಯಾಡ್ಜ್ ಹಾಕಿಸಿದರು. ಅದರ ಮೇಲೆ ಹೆಸರಿಲ್ಲ, ಸಂಸ್ಥೆಯಿಲ್ಲ, ವಿಷಯ ಮಾತ್ರ.

"ದೊಡ್ಡ ಸಂಸ್ಥೆಯವರ ಹಿಂದೆ ಸುತ್ತೋರು, ಸಣ್ಣ ಸಂಸ್ಥೆಯವರನ್ನ ಕಂಡೂ ಕಾಣದ ಹಾಗೆ ಹೋಗೋರು, ಇದೆಲ್ಲ ನನಗೆ ಸಾಕಾಗಿದೆ" ಎಂದರು. "ಇನ್ನೊಂದು ಮಾತು. ಗುಂಪಿನಲ್ಲಿ ಯಾರಾದರೂ ಬೇಡ ಅನಿಸಿದರೆ ನನ್ನ ಹತ್ರ ಬನ್ನಿ. ಆದರೆ ಅವರನ್ನೂ ಕರ್ಕೊಂಡು ಬನ್ನಿ. ಬೆನ್ನ ಹಿಂದಿನ ಮಾತು ನಾನು ಕೇಳಲ್ಲ."

ಹಾಗೆ ಅವಳು ನೀರಿನವಳಾದಳು. ಅವಳ ಗುಂಪಿನಲ್ಲಿ ಇನ್ನಿಬ್ಬರಿದ್ದರು. ಬಸ್ಸಿನವನು ವೇಳಾಪಟ್ಟಿಗಳ ಗಣಿತ ಮಾಡುವವ, ಬಾಯಿಗೆ ಬಿಡುವಿಲ್ಲದವ. ಮಣ್ಣಿನವನು ಮಳೆ ನಿಂತ ಮೇಲೆ ನೆಲ ಹೇಗೆ ಒಣಗುತ್ತದೆ ಎಂದು ಅಳೆಯುವವ. ಕಿವಿ ಮುಚ್ಚುವಷ್ಟು ಉದ್ದ ಕೂದಲು ಬಿಟ್ಟಿದ್ದ, ಮಾತು ಕಡಿಮೆ. ರೂಮಿನಲ್ಲಿ ಅವಳ ಜೊತೆಗಿದ್ದದ್ದು ಬೇರೆ ಗುಂಪಿನ ಜ್ವರದವಳು. ಮೊದಲು ನರ್ಸ್ ಆಗಿದ್ದು, ಆಮೇಲೆ ರೋಗ ಹರಡುವ ಲೆಕ್ಕ ಕಲಿತವಳು.

ಬ್ಯಾಡ್ಜಿನೊಳಗೆ ಒಂದು ಪುಟ್ಟ ರೇಡಿಯೋ ಇತ್ತು. ಯಾರ ಹತ್ತಿರ ಯಾರು ನಿಂತರು ಎಂದು ಅದು ದಾಖಲಿಸುತ್ತಿತ್ತು. ಶಿಬಿರದ ಒಂದು ಗುಂಪು ಶಿಬಿರವನ್ನೇ ಅಧ್ಯಯನ ಮಾಡುತ್ತಿತ್ತು. ಪ್ರತಿ ಸಂಜೆ ಊಟದ ಹಾಲಿನ ಬಾಗಿಲಲ್ಲಿದ್ದ ಟೀವಿಯ ಮೇಲೆ ಅವರು ಒಂದು ನಕ್ಷೆ ಹಾಕುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ಭೇಟಿಯಾದವರ ನಡುವೆ ಗೆರೆ. ಹಾಸ್ಟೆಲಿನ ಬಾಗಿಲಲ್ಲಿ ಮಾತ್ರ ಒಂದು ಬುಟ್ಟಿ ಇಟ್ಟಿತ್ತು. ರೂಮಿನೊಳಗಿನ ಮಾತುಕತೆ ಯಾರಿಗೂ ಬೇಡವೆಂದು ಎಲ್ಲರೂ ಬ್ಯಾಡ್ಜನ್ನು ಅದರಲ್ಲಿ ಹಾಕಿಯೇ ಒಳಗೆ ಹೋಗಬೇಕಿತ್ತು.

ಮೊದಲ ದಿನ ಸಂಜೆ ಅಕ್ಕನಿಗೆ ಫೋನ್ ಮಾಡಿದಳು.

"ಹೇಳ್ಲೋ ಬೇಡ್ವೋ ಗೊತ್ತಾಗ್ತಿಲ್ಲ ಅಕ್ಕ."

"ಬಾಯಿ ಬಿಡೋದಿಲ್ಲ ಅಂದ್ರೆ ಅಲ್ಲಿಗ್ಯಾಕೆ ಹೋದೆ? ಊಟ ಚೆನ್ನಾಗಿದೆ ಅಂತಾನಾ?"

"ಊಟ ಚೆನ್ನಾಗಿಲ್ಲ."

"ಹಾಗಾದ್ರೆ ಹೇಳಿಬಿಡು. ಹೋಗಿದ್ದಕ್ಕೆ ಏನಾದ್ರೂ ಸಿಗಲಿ."

ಮರುದಿನ ಅವಳು ಗುಂಪಿನ ಮುಂದೆ ವಿಚಾರವನ್ನು ಬಿಡಿಸಿಟ್ಟಳು. ಬಸ್ಸಿನವನು ಮೇಜು ಗುದ್ದಿ, "ಮೇಡಂ, ಇದು ಸಿಕ್ಕಾಪಟ್ಟೆ ಚೆನ್ನಾಗಿದೆ" ಎಂದ. ಮಣ್ಣಿನವನು ಅವಳ ಮುಖವನ್ನೇ ನೋಡುತ್ತಿದ್ದ. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಇದು ನಮ್ಮಲ್ಲಿ ಹಳೇದು" ಎಂದ.

"ಅಂದ್ರೆ?"

"ಮಣ್ಣಿನಲ್ಲಿ. ಮಳೆ ಆದ್ಮೇಲೆ ಯಾವ ತುಂಡು ನೆಲ ಚೇತರಿಸಿಕೊಳ್ಳೋಕೆ ತಡ ಮಾಡುತ್ತೋ ಅದು ಮೊದಲು ಸಾಯುತ್ತೆ. ಇದನ್ನ ಹಿಂದೆಯೇ ಬರೆದಿದಾರೆ. ನೀರಿನ ಪೈಪಿಗೆ ಯಾರೂ ಹಚ್ಚಿಲ್ಲ, ಅದು ನಿಜ. ಹಳೇದನ್ನ ಮೊದಲು ಹೇಳಿಬಿಡಬೇಕು."

ಅವಳು ವರ್ಷಗಟ್ಟಲೆ ಸಾಕಿದ್ದನ್ನು ಒಂದೇ ಮಾತಿನಲ್ಲಿ ನಮ್ಮದು ಎಂದುಬಿಟ್ಟ. ಹಿರಿಯ ಇಂಜಿನಿಯರ್ ಶುರು ಮಾಡಿದ್ದೂ ಹೀಗೆಯೇ, "ಇದು ನಾವು ಮೊದಲೇ ಯೋಚಿಸಿದ್ದೆವು" ಎಂದು.

ಅಲ್ಲಿಂದ ಮುಂದೆ ಅವಳು ಅವನ ಮೇಲೆ ಕಣ್ಣಿಟ್ಟಳು. ಕಣ್ಣಿಟ್ಟವರಿಗೆ ಕಾಣಲು ಬೇಕಾದಷ್ಟಿತ್ತು. ಬಿಡುವಿನ ವೇಳೆಯಲ್ಲಿ ಬೇರೆ ಗುಂಪಿನವರು ಮಾತಾಡುತ್ತಿದ್ದರೆ ಅವನು ಹೋಗಿ ತೀರ ಹತ್ತಿರ ನಿಲ್ಲುತ್ತಿದ್ದ, ಹೆಗಲಿಗೆ ಹೆಗಲು ತಾಗುವಷ್ಟು. ತಾನು ಮಾತಾಡುತ್ತಿರಲಿಲ್ಲ. ಮಾತಾಡುವವರ ಬಾಯನ್ನೇ ನೋಡುತ್ತಿದ್ದ. ಅವಳು ಹಿಂದಿನಿಂದ ಕರೆದರೆ ತಿರುಗದೆ ಹೊರಟುಹೋಗುತ್ತಿದ್ದ. ಒಮ್ಮೆ ಕಾರಿಡಾರಿನಲ್ಲಿ ಮೂರು ಸಲ ಕರೆದಳು. ಕೇಳಿಸಿಯೂ ಕೇಳಿಸದವರ ಹಾಗೆ ಮೆಟ್ಟಿಲಿಳಿದು ಹೋದ.

"ಏನೋ ಮುಚ್ಚಿಡ್ತಿದಾನೆ" ಎಂದಳು ಬಸ್ಸಿನವನಿಗೆ.

"ಕೂದಲಿನೊಳಗಾ? ಅಲ್ಲಿ ಒಂದು ಸಂಸಾರವನ್ನೇ ಮುಚ್ಚಿಡಬಹುದು."

"ತಮಾಷೆ ಬೇಡ."

"ಮೇಡಂ, ನೀವು ನನ್ನ ಮೇಲೂ ಕಣ್ಣಿಟ್ಟಿದೀರಾ?"

ಅವಳ ಕಣ್ಣು ಅವನ ಕಂಪ್ಯೂಟರಿನ ಮೇಲೆ ಹೋಯಿತು. ಅವನು ನಗುವುದನ್ನು ನಿಲ್ಲಿಸಿ ತನ್ನ ಕಂಪ್ಯೂಟರನ್ನು ಸ್ವಲ್ಪ ಅತ್ತ ತಿರುಗಿಸಿಕೊಂಡ.

ರೂಮಿನಲ್ಲಿ ಮಾತ್ರ ಅವಳು ಹಗುರಾಗುತ್ತಿದ್ದಳು. ಹಾಸ್ಟೆಲಿನ ಮೂರನೆಯ ಮಹಡಿಗೆ ನೀರು ಏರಲು ಬೆಳಿಗ್ಗೆ ಹೊತ್ತಾಗುತ್ತಿತ್ತು. ಜ್ವರದವಳು ಖಾಲಿ ಬಕೆಟ್ಟಿನ ಮುಂದೆ ನಿಂತು ಗೊಣಗುತ್ತಿದ್ದಳು. ಇವಳು ಚೀಲದಿಂದ ಮಡಚುವ ಸಣ್ಣ ಸಲಾಕೆ ತೆಗೆದು ಬಚ್ಚಲಿನ ಪೈಪಿಗೆ ಹಚ್ಚಿ, "ಬಾ, ಕಿವಿ ಕೊಡು. ಬರ್ತಾ ಇದೆ, ಕೇಳ್ತಾ?" ಎಂದಳು. ಜ್ವರದವಳಿಗೆ ಅದು ಮಗುವಿನ ಎದೆಬಡಿತದ ಹಾಗೆ ಕೇಳಿಸಿತಂತೆ. ಇಬ್ಬರೂ ಬಚ್ಚಲಿನಲ್ಲಿ ಕೂತು ನಕ್ಕರು. ಪಕ್ಕದ ರೂಮಿಗೆ ನೀರು ಬಂದರೂ ತಮ್ಮ ರೂಮಿಗೆ ಯಾಕೆ ತಡ ಎಂದು ಜ್ವರದವಳು ಕೇಳಿದಳು, ಇವಳು ಹೇಳಿದಳು. ಅದು ಬಚ್ಚಲಿನ ಮಾತು, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ವಾರದ ನಡುವಿನ ಹೊತ್ತಿಗೆ ಟೀವಿಯ ನಕ್ಷೆಯಲ್ಲಿ ಒಂದು ಚುಕ್ಕೆ ಎದ್ದು ಕಾಣತೊಡಗಿತು. ಉಳಿದ ಚುಕ್ಕೆಗಳು ತಮ್ಮ ತಮ್ಮ ಗುಂಪಿನಲ್ಲಿ ಗುಡ್ಡೆಯಾಗಿದ್ದವು. ಈ ಒಂದು ಚುಕ್ಕೆ ಎಲ್ಲದರ ನಟ್ಟನಡುವೆ ಕೂತಿತ್ತು. ಶಿಬಿರದ ಪ್ರತಿಯೊಬ್ಬರಿಂದಲೂ ಅದಕ್ಕೆ ಗೆರೆ. ಕೆಳಗೆ ಬರೆದಿತ್ತು: ಮಣ್ಣು.

"ನೋಡ್ರೀ" ಎಂದಳು ಬಸ್ಸಿನವನಿಗೆ. "ಬಾಯಿ ಬಿಡದ ಮನುಷ್ಯ ಇಡೀ ಶಿಬಿರದವರನ್ನ ಭೇಟಿ ಮಾಡಿದಾನೆ."

ಈ ಸಲ ಬಸ್ಸಿನವನಿಗೂ ತಮಾಷೆ ಹೊಳೆಯಲಿಲ್ಲ. ಅವನದೂ ಗೆರೆಗಳ ಶಾಸ್ತ್ರವೇ. ನಕ್ಷೆಯಲ್ಲಿ ನಡುವೆ ಕೂತವನ ಕೈಯಲ್ಲಿ ಎಲ್ಲವೂ ಹಾದುಹೋಗುತ್ತದೆ ಎಂದು ಅವನು ದಿನವೂ ಬರೆಯುವವನು.

ಮರುದಿನ ಗುಂಪುಗಳು ತಮ್ಮ ಅರ್ಧ ಕೆಲಸವನ್ನು ಎಲ್ಲರ ಮುಂದೆ ಹೇಳಬೇಕಿತ್ತು. ಜ್ವರದವಳ ಗುಂಪು ಮೊದಲು. ಜ್ವರದವಳು ಮೈಕ್ ಹಿಡಿದು ಒಂದು ಊರಿನ ಬಡಾವಣೆಗಳ ನಕ್ಷೆ ತೋರಿಸಿದಳು. "ಜ್ವರ ಎಲ್ಲಿ ಏರಿತು ಅಂತ ನಾವು ನೋಡಲಿಲ್ಲ. ಇಳಿದ ಮೇಲೆ ಮಾಮೂಲಿಗೆ ಬರೋಕೆ ಯಾವ ಬಡಾವಣೆ ತಡ ಮಾಡಿತು ಅಂತ ನೋಡಿದೆವು. ಮುಂದಿನ ಸಲ ಜ್ವರ ಅಲ್ಲೇ ಮೊದಲು ಕಾಣಿಸಿಕೊಳ್ಳುತ್ತೆ."

ಹಾಲಿನಲ್ಲಿ ಮೆಚ್ಚುಗೆಯ ಸದ್ದೆದ್ದಿತು. ಅವಳಿಗೆ ಕಿವಿ ಬಿಸಿಯಾಯಿತು. ಬೀದಿ ಇದ್ದ ಕಡೆ ಬಡಾವಣೆ, ನೀರಿದ್ದ ಕಡೆ ಜ್ವರ. ಉಳಿದದ್ದೆಲ್ಲ ಅವಳದೇ. ಮುಂದಿನ ಸ್ಲೈಡುಗಳಿಗೆ ಅವಳು ನಿಲ್ಲಲಿಲ್ಲ. ಕುರ್ಚಿ ಸರಿಸಿ ಎದ್ದು ಹೊರಗೆ ಬಂದಳು. ಬಾಗಿಲು ಹಿಂದೆ ದಡಾರನೆ ಬಡಿದುಕೊಂಡಿತು.

ಜ್ವರದವಳ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ನಕ್ಷೆ ಅವಳ ಕಣ್ಣಿಗೆ ಕಟ್ಟಿದಂತಿತ್ತು. ಅದರಲ್ಲಿ ತನ್ನ ಚುಕ್ಕೆಗೂ ಜ್ವರದವಳ ಚುಕ್ಕೆಗೂ ನಡುವೆ ಗೆರೆಯೇ ಇರಲಿಲ್ಲ. ಮಣ್ಣಿನವನಿಂದ ಜ್ವರದವಳಿಗೆ ಇತ್ತು. ಹೊತ್ತು ಸಾಗಿಸಿದವನು ಯಾರು ಎಂದು ಇನ್ನು ಕೇಳಬೇಕಿರಲಿಲ್ಲ.

ಆ ಮಧ್ಯಾಹ್ನವೇ ದೊಡ್ಡಮ್ಮನ ಕೋಣೆಯಲ್ಲಿ ನಾಲ್ವರೂ ಕೂತರು. ಬಸ್ಸಿನವನು ನಕ್ಷೆಯ ಪ್ರತಿಯನ್ನು ಮೇಜಿನ ಮೇಲೆ ಹಾಸಿದ. ಅವಳೇ ಮಾತು ಶುರು ಮಾಡಿದಳು.

"ನನ್ನ ವಿಚಾರ ಗೊತ್ತಿದ್ದಿದ್ದು ನಮ್ಮ ಮೂವರಿಗೆ ಮಾತ್ರ. ಈಗ ಅದು ಬೇರೆ ಗುಂಪಿನಲ್ಲಿದೆ. ಇವರು ನಾನು ಹೇಳಿದ ದಿನವೇ ಅದು ತಮ್ಮದು ಅಂದಿದ್ರು. ಎಲ್ಲರ ಮಾತಿನ ಮಧ್ಯೆ ಹೋಗಿ ನಿಲ್ತಾರೆ. ಕರೆದ್ರೆ ತಿರುಗಿ ನೋಡಲ್ಲ. ಇದು ನಕ್ಷೆ. ಇವರು ನಮ್ಮ ಗುಂಪಿನಲ್ಲಿ ಬೇಡ."

ಮಣ್ಣಿನವನು ಅವಳ ಬಾಯನ್ನೇ ನೋಡುತ್ತಿದ್ದ. ಅವಳು ನಡುವೆ ದೊಡ್ಡಮ್ಮನ ಕಡೆ ತಿರುಗಿದ್ದಳು.

"ಕೊನೇದು ಇನ್ನೊಂದು ಸಲ ಹೇಳಿ" ಎಂದ. "ನೀವು ಅತ್ತ ತಿರುಗಿದ್ರಿ."

"ನೀವು ನಮ್ಮ ಗುಂಪಿನಲ್ಲಿ ಬೇಡ."

ಅವನು ತಲೆಯಾಡಿಸಿದ. ಎರಡೂ ಕೈಯಿಂದ ಕೂದಲು ಹಿಂದೆ ಸರಿಸಿ, ಎರಡೂ ಕಿವಿಯ ಹಿಂದಿನಿಂದ ಒಂದೊಂದು ಪುಟ್ಟ ಯಂತ್ರ ಬಿಚ್ಚಿ ನಕ್ಷೆಯ ಮೇಲಿಟ್ಟ. ಮತ್ತೆ ಹಾಕಿಕೊಂಡ.

"ಕಿವಿ ಮಷಿನ್. ಆ ಬ್ಯಾಡ್ಜ್ ಹಾಕ್ಕೊಂಡ್ರೆ ಇದರಲ್ಲಿ ಗುಂಯ್ ಅಂತ ಸದ್ದು ಬರುತ್ತೆ, ಏನೂ ಕೇಳಲ್ಲ. ಅದಕ್ಕೇ ಬೆಳಿಗ್ಗೆ ಬಂದ ತಕ್ಷಣ ಬಿಚ್ಚಿ, ಊಟದ ಹಾಲಲ್ಲಿ ಕುಡಿಯೋ ನೀರಿನ ಮಷಿನ್ ಇದೆಯಲ್ಲ, ಅದರ ಪಕ್ಕದ ಮೊಳೆಗೆ ನೇತುಹಾಕ್ತೀನಿ. ಹೋಗ್ತಾ ತಗೊಳ್ತೀನಿ."

ಬಸ್ಸಿನವನು ನಕ್ಷೆಯತ್ತ ಬಾಗಿದ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಅವಳ ಚುಕ್ಕೆಯ ಮೇಲೆ ಒಂದು ಬೆರಳು, ಮಣ್ಣಿನ ಚುಕ್ಕೆಯ ಮೇಲೆ ಇನ್ನೊಂದು ಬೆರಳು ಇಟ್ಟರು.

"ಈ ಹುಡುಗ ನಿನ್ನ ಪಕ್ಕದಲ್ಲಿ ಎಷ್ಟು ಹೊತ್ತು ಕೂತಿರ್ತಾನೆ?"

"ದಿನವೆಲ್ಲ."

"ಹಾಗಾದ್ರೆ ನಿಮ್ಮಿಬ್ಬರ ನಡುವೆ ಹಗ್ಗದಷ್ಟು ದಪ್ಪ ಗೆರೆ ಇರಬೇಕಿತ್ತು. ಇಲ್ಲಿ ಕೂದಲೆಳೆ ಇದೆ. ನೀನು ನೀರು ಕುಡಿಯೋಕೆ ಹೋದಾಗ ಬಿದ್ದಿದ್ದು." ಕನ್ನಡಕ ತೆಗೆದರು. "ನಡುವೆ ಕೂತಿರೋದು ನೀರಿನ ಮಷಿನ್ ಕಣಮ್ಮ. ಎಲ್ಲರೂ ಅದನ್ನ ಭೇಟಿ ಮಾಡಿದಾರೆ. ನಾನೂ ಮಾಡಿದೀನಿ."

ಬಸ್ಸಿನವನು ನಗಲು ಹೋಗಿ ಕೆಮ್ಮಿದ. "ಇದನ್ನ ಮೂರು ದಿನದಿಂದ ನೋಡ್ತಿದೀನಿ ನಾನು" ಎಂದ, ಯಾರಿಗೆಂದಿಲ್ಲದೆ.

ಅವಳು ಆಗಲೂ ಸೋಲಲಿಲ್ಲ. "ಸರಿ, ಬ್ಯಾಡ್ಜ್ ಇರಲಿಲ್ಲ. ಅದರಿಂದ ಇವರು ಹೇಳಿಲ್ಲ ಅಂತಾಗುತ್ತಾ? ನಾನು ಹೇಳಿಲ್ಲ. ಬಸ್ಸು ಹೇಳಿಲ್ಲ. ಮತ್ಯಾರು ಹೇಳಿದ್ದು?"

"ನನಗೆ ಗೊತ್ತಿಲ್ಲ" ಎಂದ ಮಣ್ಣಿನವನು. ದನಿಯಲ್ಲಿ ಸಿಟ್ಟಿರಲಿಲ್ಲ. ಹೀಗೆ ವಿಚಾರಣೆಗೆ ಕೂತದ್ದು ಅವನಿಗೆ ಹೊಸದಲ್ಲ ಎನ್ನುವ ಹಾಗಿತ್ತು. "ಹತ್ತಿರ ನಿಂತ್ರೆ ಕದ್ದು ಕೇಳ್ತಾನೆ ಅಂತಾರೆ, ದೂರ ನಿಂತ್ರೆ ಜಂಬ ಅಂತಾರೆ. ನೀವು ನನ್ನನ್ನ ತೆಗೆಯೋ ಅಗತ್ಯ ಇಲ್ಲ. ನಾನೇ ಹೋಗ್ತೀನಿ."

ಎದ್ದು ಕುರ್ಚಿಯನ್ನು ಸದ್ದಿಲ್ಲದೆ ಮೇಜಿನಡಿ ತಳ್ಳಿ ಹೋದ. ದೊಡ್ಡಮ್ಮ ಅವನನ್ನು ಇರುವೆ ಗುಂಪಿಗೆ ಸೇರಿಸಿದರು.

ಅವತ್ತು ಬೇಗ ರೂಮಿಗೆ ಬಂದಳು. ಬುಟ್ಟಿಯಲ್ಲಿ ಬ್ಯಾಡ್ಜ್ ಹಾಕಿ, ಮೆಟ್ಟಿಲು ಹತ್ತಿ ಬಾಗಿಲು ತೆರೆದರೆ ಜ್ವರದವಳು ಮಂಚದ ಮೇಲೆ ಕಾಲು ಚಾಚಿ ಬಿಸ್ಕತ್ತು ತಿನ್ನುತ್ತಿದ್ದಳು.

"ಎಲ್ಲಿಗೆ ಓಡಿಹೋದೆ? ಎಲ್ಲರ ಮುಂದೆ ನಿನ್ನ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸೋಣ ಅಂತಿದ್ದೆ. ನೋಡಿದ್ರೆ ಕುರ್ಚಿ ಖಾಲಿ."

"ನನಗ್ಯಾಕೆ ಚಪ್ಪಾಳೆ?"

"ಯಾಕೆ ಅಂದ್ರೆ? ನೀನು ಇಲ್ಲ ಅಂತ ಕೊನೇ ಸ್ಲೈಡ್ ತೋರಿಸದೇ ಉಳಿಸ್ಕೊಂಡೆ. ನೋಡು."

ಜ್ವರದವಳು ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಪುಟದ ತುಂಬ ಒಂದೇ ಸಾಲು. ಈ ವಿಚಾರ ನಮ್ಮದಲ್ಲ, ನೀರಿನವಳದು. ಅವಳು ಒಪ್ಪಿದರೆ ಎರಡೂ ಗುಂಪು ಒಟ್ಟಿಗೆ ಬರೆಯೋಣ. ಪಕ್ಕದಲ್ಲಿ ಒಂದು ಬಕೆಟ್ಟಿನ ಚಿತ್ರ.

"ನಾನು ನಿನಗೆ ಯಾವಾಗ ಹೇಳ್ದೆ?"

"ಬಚ್ಚಲಲ್ಲಿ ಕಣೇ! ಪಕ್ಕದ ರೂಮಿಗೆ ಬಂದು ನಮಗೆ ಯಾಕೆ ಬರಲ್ಲ ಅಂತ ಕೇಳ್ದೆ, ನೀನು ತಡವಾಗಿ ಏಳೋದನ್ನ ನೋಡ್ಬೇಕು ಅಂತ ಅರ್ಧ ಗಂಟೆ ಭಾಷಣ ಮಾಡ್ದೆ. ನನ್ನ ಬಕೆಟ್ ತುಂಬಿ ಹರೀತಾ ಇತ್ತು, ನೀನು ನಿಲ್ಲಿಸ್ಲೇ ಇಲ್ಲ. ಅವತ್ತೇ ಕೇಳ್ದೆ, ಇದನ್ನ ಜ್ವರಕ್ಕೆ ಹಚ್ಚಿ ನೋಡ್ಲಾ ಅಂತ. ಹಚ್ಚು, ಯಾರು ಬೇಡ ಅಂದ್ರು ಅಂದೆ."

ಅವಳಿಗೆ ನೆನಪಾಯಿತು. ಸಲಾಕೆ ಮಡಚುತ್ತ, ನಗುತ್ತ ಹಾಗೆ ಅಂದದ್ದು ನಿಜ. ಮಂಚದ ಅಂಚಿನಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಜ್ವರದವಳು ಬಿಸ್ಕತ್ತಿನ ಪೊಟ್ಟಣ ಕೆಳಗಿಟ್ಟಳು.

"ಅಲ್ಲ ಕಣೇ, ನಕ್ಷೆಯಲ್ಲಿ ನಮ್ಮಿಬ್ಬರ ನಡುವೆ ಗೆರೆ ಇಲ್ಲ ಅಂತ ನನ್ನನ್ನ ಬಿಟ್ಟುಬಿಟ್ಯಾ? ಒಂದೇ ರೂಮಲ್ಲಿ ಮಲಗ್ತೀವಿ. ನಿನ್ನ ಗೊರಕೆ ನನಗೆ ಬಾಯಿಪಾಠ ಆಗಿದೆ."

ರಾತ್ರಿ ಊಟ ಮುಗಿಸಿ ಬಂದು ಅವಳು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಪೂರ್ತಿ ಕೇಳಿ, ನಗಲಿಲ್ಲ.

"ಭಾವನ ವಿಷಯದಲ್ಲಿ ಫೋನಲ್ಲಿ ಮುಗೀತು" ಎಂದಳು. "ಇದು ಫೋನಲ್ಲಿ ಮುಗಿಯಲ್ಲ. ಎಲ್ಲರಿಗೂ ಗೊತ್ತಾಗಿದೆಯಾ?"

"ಗುಸುಗುಸು ಶುರುವಾಗಿದೆ. ಇವತ್ತು ಊಟದಲ್ಲಿ ಅವನ ಮೇಜಿಗೆ ಯಾರೂ ಹೋಗಲಿಲ್ಲ."

"ಹಾಗಾದ್ರೆ ಎಲ್ಲರ ಮುಂದೆಯೇ ಹೇಳ್ಬೇಕು."

ಶಿಬಿರದ ಕೊನೆಯ ದಿನ ಅವಳು ದೊಡ್ಡಮ್ಮನ ಹತ್ತಿರ ಸ್ವಲ್ಪ ಸಮಯ ಕೇಳಿ ಪಡೆದಳು. ಮಣ್ಣಿನವನು ಮಾಮೂಲಿನಂತೆ ಮೊದಲ ಸಾಲಿನಲ್ಲಿದ್ದ. ಮೊದಲ ಸಾಲು ಯಾಕೆಂದು ಈಗ ಅವಳಿಗೆ ಗೊತ್ತಿತ್ತು. ಮೈಕ್ ಬಾಯಿಗೆ ಅಡ್ಡ ಬರದಂತೆ ಕೆಳಗೆ ಹಿಡಿದು, ಅವನ ಕಡೆಗೇ ಮುಖ ಮಾಡಿ, ನಿಧಾನವಾಗಿ ಹೇಳಿದಳು. ವಿಚಾರವನ್ನು ಹೊರಗೆ ಬಿಟ್ಟದ್ದು ತಾನೇ. ಇವರ ಮೇಲೆ ಹೊರಿಸಿದ್ದು ತಪ್ಪು. ನಕ್ಷೆಯ ನಡುವೆ ಇದ್ದದ್ದು ನೀರಿನ ಮಷಿನ್. ಹಾಲಿನಲ್ಲಿ ನಗು ಎದ್ದಿತು. ಅವನು ನಗಲಿಲ್ಲ, ಅವಳೂ ನಗಲಿಲ್ಲ. ನಗು ಅಡಗಿದ ಮೇಲೆ ಇನ್ನೊಂದು ಮಾತು ಸೇರಿಸಿದಳು. ಈ ವಿಚಾರ ಮಣ್ಣಿನ ಶಾಸ್ತ್ರದಲ್ಲಿ ಹಳೆಯದು, ಅದನ್ನು ತಾನು ಬಿಡಿಸಿಟ್ಟ ದಿನವೇ ತನಗೆ ಹೇಳಿದವರು ಇವರು.

ಮುಗಿದ ಮೇಲೆ ಅವನು ಅವಳ ಹತ್ತಿರ ಬಂದ.

"ಆ ಹಳೇ ಲೇಖನ ಯಾವುದು ಅಂತ ಕಳಿಸ್ತೀನಿ. ನಿಮ್ಮ ಲೇಖನದಲ್ಲಿ ಅದನ್ನ ಮೊದಲು ಹೇಳಿ."

"ನಮ್ಮ ಅನ್ನಿ. ನಿಮ್ಮ ಹೆಸರೂ ಇರಬೇಕು."

"ಬೇಡ."

"ಯಾಕೆ?"

"ಇಷ್ಟು ಬೇಗ ಬೇಡ."

ನೀರು ಮತ್ತು ಜ್ವರದ ಲೇಖನ ಈ ವರ್ಷ ಅಚ್ಚಾಯಿತು. ಅದರಲ್ಲಿ ಅವಳ ಹೆಸರಿದೆ, ಜ್ವರದವಳದಿದೆ, ಬಸ್ಸಿನವನದಿದೆ. ಮೊದಲ ಪುಟದಲ್ಲೇ ಮಣ್ಣಿನ ಹಳೆಯ ಕೆಲಸದ ಉಲ್ಲೇಖವಿದೆ. ಮಣ್ಣಿನವನ ಹೆಸರಿಲ್ಲ. ಅವಳು ಮತ್ತೆರಡು ಸಲ ಬರೆದು ಕೇಳಿದ್ದಳು. ಒಮ್ಮೆ ಉತ್ತರ ಬರಲಿಲ್ಲ, ಇನ್ನೊಮ್ಮೆ ಬೇಡ ಎಂದು ಬಂತು. ಶಿಬಿರದಲ್ಲಿ ಈಗ ಬ್ಯಾಡ್ಜ್ ಇದೆ, ರೇಡಿಯೋ ಇಲ್ಲ. ನೀರಿನ ಮಷಿನ್ ಮೇಲೆ ಯಾರೋ "ಮಣ್ಣು" ಎಂದು ಚೀಟಿ ಅಂಟಿಸಿದ್ದರು. ದೊಡ್ಡಮ್ಮ ಅದನ್ನು ಕಿತ್ತು ಬಿಸಾಡಿದರು.

ಕಳೆದ ತಿಂಗಳು ಮಣ್ಣಿನವನಿಂದ ತಾನಾಗಿಯೇ ಒಂದು ಸಂದೇಶ ಬಂತು. ಅವನ ಪ್ರಯೋಗದ ಹೊಲದ ಒಂದು ಮೂಲೆ ಮಳೆಯಿಲ್ಲದೆಯೂ ಒಣಗುತ್ತಿಲ್ಲ. ನೆಲದಡಿಯ ಪೈಪು ಎಲ್ಲೋ ಸೋರುತ್ತಿರಬೇಕು. ಎಲ್ಲಿ ಎಂದು ಕಿವಿಗೊಟ್ಟು ಹೇಳುವವರು ಅವನಿಗೆ ಬೇಕು, ಅದು ಅವನಿಂದ ಆಗದ ಕೆಲಸ. ಸಿಕ್ಕಿದ್ದನ್ನು ಒಟ್ಟಿಗೆ ಬರೆಯಬಹುದು.

ಅವಳು ಅದನ್ನು ಹಲವು ಸಲ ಓದಿ ಅಕ್ಕನಿಗೆ ಫೋನ್ ಮಾಡಿದಳು. ಎತ್ತಿದ್ದು ಭಾವ.

"ಹಾಜರಿದ್ದೀನಿ ಮೇಡಂ."

"ಭಾವ, ಇದರಲ್ಲಿ ಏನೋ ಇದೆ ಅನ್ಸುತ್ತೆ. ಒಂದು ವರ್ಷ ಮಾತಾಡದೋರು ಈಗ ಯಾಕೆ ಕರೀತಿದಾರೆ? ಪೈಪು ನಿಜವಾಗ್ಲೂ ಸೋರ್ತಿದೆಯೋ ಇಲ್ವೋ."

"ಅವರ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ."

"ತಮಾಷೆ ಮಾಡ್ಬೇಡಿ."

"ಹೋಗಿ ಕಿವಿ ಇಟ್ಟು ಕೇಳಿದ್ರೆ ಗೊತ್ತಾಗುತ್ತಲ್ಲ?"

ಪೈಪು ಸೋರುತ್ತಿದೆಯೇ ಎಂಬ ಅನುಮಾನ ಅವಳಿಗೆ ಇನ್ನೂ ಹೋಗಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಾಗಿದೆ. ಈ ಸಲ ಮಡಚುವುದಲ್ಲ, ದೊಡ್ಡ ಸಲಾಕೆಯನ್ನೇ ಒಯ್ಯುತ್ತಾಳೆ.